ದಪ್ಪ ಗೋಡೆ

ಬಲಗೈ ಮುರಿದುಕೊಂಡ ನಕ್ಷೆಗಾರ್ತಿಗೆ ಪಟ್ಟಿ ಹಾಕುತ್ತಾ ಮೂಳೆ ಡಾಕ್ಟರು ಸಮಾಧಾನ ಹೇಳಿದ್ದರು: "ಎಡಗೈಯಲ್ಲಿ ಬರೀರಿ. ಅದನ್ನ ನಡೆಸೋದು ಮೆದುಳಿನ ಬಲಭಾಗ. ಜಾಗದ ಅಂದಾಜೂ ಹೆಚ್ಚಾಗಿ ಅಲ್ಲೇ ಇರೋದು. ನಿಮ್ಮ ಕಸುಬಿಗೆ ಹೇಳಿ ಮಾಡಿಸಿದ ಹಾಗಿದೆ." ನೊಂದವರಿಗೆ ಮಾತಿನ ಮುಲಾಮು ಹಚ್ಚುವುದು ಡಾಕ್ಟರುಗಳ ಹಳೆಯ ಚಾಳಿ. ಈ ಸಲ ಮಾತು ನಿಜವಾಯಿತು, ಅದೇ ತಾಪತ್ರಯ.

ಅಭ್ಯಾಸಕ್ಕೆಂದು ಅವಳು ತಾನು ಹುಟ್ಟಿ ಬೆಳೆದ, ಈಗ ತಾಯಿ ಮತ್ತು ಆರು ವರ್ಷದ ಮಗಳೊಂದಿಗೆ ಇರುವ ಮನೆಯ ನಕ್ಷೆಯನ್ನೇ ಎತ್ತಿಕೊಂಡಳು. ಎಡಗೈ ಅಳುಕಲಿಲ್ಲ. ಸರಸರನೆ ಗೆರೆ ಎಳೆಯಿತು. ಮೆಟ್ಟಿಲ ಕೆಳಗೆ, ತಾಯಿಯ ಬೀರುವಿನ ಹಿಂದೆ, ಎರಡಡಿ ಅಗಲದ ಒಂದು ಕೋಣೆ ಬರೆದು ಬಾಗಿಲನ್ನೂ ಇಟ್ಟಿತು. ಅಲ್ಲಿ ಕೋಣೆಯಿಲ್ಲ. ಅಳಿಸಿದಳು. ಕೈ ಮತ್ತೆ ಬರೆಯಿತು.

ಕೈಗೆ ಕೊಬ್ಬು ಎಂದು ಗೊಣಗುತ್ತಾ ಟೇಪು ಹಿಡಿದು ಅಳೆದಳು. ಹೊರಗಿನ ಅಳತೆಗೂ ಒಳಗಿನ ಅಳತೆಗೂ ಎರಡಡಿ ತಾಳೆಯಾಗಲಿಲ್ಲ. ಇದೇನೂ ಹೊಸದಲ್ಲ. ಇಷ್ಟು ವರ್ಷ ಬಲಗೈ ಆ ಜಾಗವನ್ನು ದಪ್ಪ ಗೋಡೆ ಎಂದು ಬರೆದು ಮುಚ್ಚಿಹಾಕಿತ್ತು. ಬೇರೆಯವರ ನಕ್ಷೆಯಲ್ಲಿ ಅಂಥ ಗೋಡೆ ಕಂಡಿದ್ದರೆ ಅವಳೇ ಉಗಿಯುತ್ತಿದ್ದಳು.

"ಅಮ್ಮಾ, ನಿನ್ನ ಬೀರು ಹಿಂದೆ ಏನಿದೆ?"

ತರಕಾರಿ ಹೆಚ್ಚುತ್ತಿದ್ದ ತಾಯಿ ತಲೆ ಎತ್ತಲಿಲ್ಲ. "ನೆನಪಾಯ್ತಾ? ನೀನೂ ಎಡಚಿಯೇ ಕಣೇ. ಬಲಗೈಲಿ ಬರೆಯೋವರೆಗೂ ಅಲ್ಲಿ ಕೂರಿಸ್ತಿದ್ದೆ. ಒಂದೇ ವಾರಕ್ಕೆ ದಾರಿಗೆ ಬಂದೆ. ಕೆಟ್ಟದ್ದೇನಾಯ್ತು ಹೇಳು?"

ಅವಳ ಮಗಳೂ ಎಡಚಿ. ಒಂದು ಗಂಟೆಯಿಂದ ಮನೆಯಲ್ಲಿ ಮಗುವಿನ ಸದ್ದೇ ಇರಲಿಲ್ಲ.

"ಮಗು ಎಲ್ಲಿ?"

"ಬರೀತಿದಾಳೆ. ಕೂಗಬೇಡ."

ತಾಯಿಯ ಸೊಂಟದ ಕೀಲಿಗೊಂಚಲು ಕಿತ್ತುಕೊಂಡು ಓಡಿದಳು. ಬೀರುವಿನ ಬಟ್ಟೆ ಸರಿಸಿದರೆ ಹಿಂಬದಿಯ ಹಲಗೆಯಲ್ಲಿ ಬೀಗ. ಕೀಲಿ ಯಾವ ಕಡೆ ತಿರುಗಿಸಬೇಕೆಂದು ಎಡಗೈಗೆ ಗೊತ್ತಿತ್ತು.

ಟಾರ್ಚಿನ ಬೆಳಕಿನಲ್ಲಿ ಮಗಳು ಗೋಡೆಯ ಮೇಲೆ ಬಲಗೈಯಿಂದ ಮುತ್ತಿನಂಥ ಅಕ್ಷರ ಬರೆಯುತ್ತಿದ್ದಳು. ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಹಳೆಯ ಅಕ್ಷರಗಳಿದ್ದವು, ಅವಳದೇ ಎಡಗೈಯವು. ಮಗುವಿನ ಎಡಗೈ ತೊಡೆಯ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು.

"ಅಮ್ಮಾ, ನನ್ನ ಎಡಗೈ ಇನ್ನು ಇಲ್ಲೇ ಇರ್ಬೇಕಂತೆ. ನೀನು ಬಿಟ್ಟುಹೋದ್ಮೇಲೆ ಇವಳಿಗೆ ಬೇಜಾರಂತೆ."

"ಯಾರಿಗೆ?"

ಮಗು ಮೂಲೆಯ ಕತ್ತಲನ್ನು ನೋಡಿತು.

ಮಗಳನ್ನು ಎಳೆದುಕೊಳ್ಳಲು ಅವಳು ಎಡಗೈ ಚಾಚಿದಳು. ಒಂದು ಪುಟ್ಟ, ತಣ್ಣನೆಯ ಕೈ ಅದನ್ನು ಹಿಡಿದುಕೊಂಡಿತು. ಮಗಳ ಎರಡೂ ಕೈಗಳು ಟಾರ್ಚಿನ ಬೆಳಕಿನಲ್ಲಿ ಕಾಣುತ್ತಿದ್ದವು. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ಅಳು ಬಂತು. ಬಿಡಿಸಿಕೊಳ್ಳಲಿಲ್ಲ. ಪಟ್ಟಿ ಹಾಕಿದ ತೋಳಿನಲ್ಲಿ ಮಗಳನ್ನು ತಬ್ಬಿ, ಎಡಗೈ ಹಿಡಿದವಳನ್ನೂ ಸೇರಿಸಿ, ಹೊರಗೆಳೆದಳು.

ಹೊರಗೆ ಬಂದ ಮೇಲೆ ಮಗಳ ಎಡಗೈ ಬೆರಳುಗಳು ಮಿಸುಕಿದವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿಯ ಮುಖ ಬಿಳಿಚಿಕೊಂಡಿತ್ತು. ಅವಳು ನೋಡುತ್ತಿದ್ದದ್ದು ಮಗಳನ್ನೂ ಅಲ್ಲ, ಮೊಮ್ಮಗಳನ್ನೂ ಅಲ್ಲ, ಮಗಳ ಎಡಗೈ ಪಕ್ಕದ ಜಾಗವನ್ನು.

"ಅವಳನ್ನ ಯಾಕೆ ಕರ್ಕೊಂಡು ಬಂದೆ?" ಎಂದಳು.