ಮೂಗಿಲ್ಲದ ಸೌಟು

ನಾನು ಒಂದು ಒಗ್ಗರಣೆ ಸೌಟು. ಹುಟ್ಟುವ ಮೊದಲು ಮುರುಕು ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿಯಾಗಿದ್ದೆ. ಬೆಟಗೇರಿಯ ಕಮ್ಮಾರ ಮೋನಪ್ಪ ನನ್ನನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಅಂಗೈ ಅಗಲದ ಬಟ್ಟಲನ್ನೂ ಮೊಳದುದ್ದದ ಹಿಡಿಕೆಯನ್ನೂ ಮಾಡಿದ. ಆದಕಾರಣ ಬೆಂಕಿಯ ಗುಣ ಬಲ್ಲೆ. ನಾನು ಅರಿಯದ್ದು ವಾಸನೆ. ನನಗೆ ಬಾಯಿ ಇದೆ, ಮೂಗಿಲ್ಲ. ಜನರು ‘ಏನು ಘಮ!’ ಎಂದು ಕಣ್ಣರಳಿಸುವುದನ್ನು ಒಲೆಯ ಮೇಲಿನಿಂದ ನೋಡುತ್ತ, ಅದೇನಿರಬಹುದೆಂದು ಯೋಚಿಸುವುದರಲ್ಲೇ ನನ್ನ ಆಯುಷ್ಯ ಸವೆಯಿತು.

ನನ್ನನ್ನು ಕೊಂಡವಳು ನೇಕಾರ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ ನೀಲಗಂಗವ್ವ. ಅವಳು ಅಡಿಗೆ ಮಾಡುವಳು, ಗಂಡ ಚನ್ನಬಸಪ್ಪ ಬಡಿಸುವನು. ಆ ಮನೆಗೆ ಒಂದು ಕಟ್ಟಳೆ ಇತ್ತು: ದೇವರಿಗೆ ಎಡೆ ಹಿಡಿಯುವ ತನಕ ಅಡಿಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸಬಾರದು. ಹೀಗಾಗಿ ನೀಲಗಂಗವ್ವ ಮೂಗನ್ನೇ ನಂಬಿದ್ದಳು. ನನ್ನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಒಮ್ಮೆ ಉಸಿರೆಳೆದು ‘ಸಾಕು’ ಎಂದು ಇಳಿಸುವಳು. ಬೆಳ್ಳುಳ್ಳಿ ಆಗ ಹೊಂಬಣ್ಣಕ್ಕೆ ತಿರುಗಿರುತ್ತಿತ್ತು.

ಮುಪ್ಪು ಬಂದಂತೆ ಆ ‘ಸಾಕು’ ತಡವಾಗತೊಡಗಿತು. ಕಣ್ಣು ಮೊದಲೇ ಮಂಜಾಗಿತ್ತು. ಬೆಳ್ಳುಳ್ಳಿ ಕಪ್ಪಾಗುವ ತನಕ ಅವಳು ನನ್ನ ಮೇಲೆ ಬಗ್ಗಿ ಉಸಿರೆಳೆಯುತ್ತ ನಿಲ್ಲುವಳು. ಏನನ್ನು ಕಾಯುತ್ತಾಳೆಂದು ನನಗೆ ತಿಳಿಯಲಿಲ್ಲ. ಆ ದಿನಗಳಲ್ಲಿಯೇ ಸೊಸೆ ಮಹಾನಂದಾ ಬಂದಳು. ಅತ್ತೆಯ ಪಕ್ಕದಲ್ಲಿ ನಿಂತು, ನೋಡಿ ನೋಡಿ ಕಲಿತಳು.

ಅತ್ತೆ ಲಿಂಗೈಕ್ಯಳಾದ ಮೇಲೆ ನಾನು ಸೊಸೆಯ ಕೈ ಸೇರಿದೆ. ಆ ಹಿಡಿತದಲ್ಲಿ ಅಂಜಿಕೆಯಿತ್ತು. ಅತ್ತೆ ಹಾಕುತ್ತಿದ್ದಷ್ಟೇ ಎಣ್ಣೆ ಹಾಕುವಳು, ಅತ್ತೆ ನಿಲ್ಲುತ್ತಿದ್ದಷ್ಟೇ ಹೊತ್ತು ನಿಲ್ಲುವಳು. ಆದರೂ ಉಣ್ಣಲು ಬರುವವರು ಕಡಿಮೆಯಾದರು. ಚನ್ನಬಸಪ್ಪನಂತೂ ಎರಡು ತುತ್ತಿಗೆ ಕೈ ತೊಳೆಯುವನು.

“ಅಕಿ ಕೈರುಚಿ ನಿನಗ ಬರಲಿಲ್ಲ ನೋಡವಾ,” ಎಂದ ಒಂದು ದಿನ. “ನಿಂದೇನ ತಪ್ಪಿಲ್ಲ ಬಿಡು. ಶ್ರಾವಣ ಮುಗೀಲಿ, ಖಾನಾವಳಿ ಮುಚ್ಚಿಬಿಡೂಣು.”

ಮಹಾನಂದಾ ಒಲೆಯ ಮುಂದೆ ಹೋಗಿ ಕುಳಿತಳು. ನನ್ನನ್ನು ಬೂದಿ ಹಚ್ಚಿ ತಿಕ್ಕಿದಳು, ತಿಕ್ಕಿದಳು. ಗಂಡ ದುಡಿಮೆಗೆಂದು ದೂರದೂರು ಸೇರಿದ್ದ; ಆ ಒಲೆಯ ಮುಂದಿನ ಜಾಗ ಬಿಟ್ಟರೆ ತನ್ನದೆನ್ನುವುದು ಅವಳಿಗೆ ಬೇರೆ ಇರಲಿಲ್ಲ.

ಮರುದಿನ ಊಟಕ್ಕೆ ಬಂದವನು ಹಳೆಯ ಗಿರಾಕಿ, ನೇಕಾರ ಫಕ್ಕೀರಪ್ಪ. ತಟ್ಟೆಯ ಅಂಚಿಗೆ ಕರಿ ಚೂರುಗಳನ್ನು ಸರಿಸುತ್ತ ಕೂಗಿದ: “ಏ ಮಹಾನಂದವ್ವಾ, ಈ ಬಳ್ಳೊಳ್ಳಿ ನಿನಗೇನ ಅನ್ಯಾಯ ಮಾಡೇತಿ? ದಿನಾ ಸುಡಗಾಡಿಗೆ ಕಳಸ್ತಿಯಲ್ಲಾ!”

“ಅತ್ತಿಯವರು ಹಿಂಗ ಮಾಡತಿದ್ರರಿ ಕಾಕಾ. ಒಂದೀಟೂ ಹೆಚ್ಚುಕಮ್ಮಿ ಮಾಡಿಲ್ಲ ನಾ.”

ಫಕ್ಕೀರಪ್ಪನ ನಗೆ ಆರಿತು. ಚನ್ನಬಸಪ್ಪ ಹೊರಗಿರುವುದನ್ನು ನೋಡಿಕೊಂಡು ದನಿ ತಗ್ಗಿಸಿದ. “ಅಕೀಗೆ ಕಡೀಕ ವಾಸನೀನ ಹತ್ತತಿದ್ದಿಲ್ಲ ಮಗಳ. ಓಣಿ ಮಂದಿಗೆಲ್ಲಾ ಗೊತ್ತಿತ್ತು. ಅಷ್ಟು ವರ್ಷ ಉಣಿಸಿದ ಕೈ, ಹೆಂಗ ಹೇಳೂದು? ಸುಮ್ಮನ ಉಂಡ್ವಿ. ನಿನ್ನ ಮೂಗು ಚಲೋ ಐತೆಲ್ಲಾ?”

ಓಹೋ, ನನ್ನ ಹಾಗೆಯೇ ಆಗಿದ್ದಳಲ್ಲ ನನ್ನ ಒಡತಿ! ಸೊಸೆ ಕಲಿತದ್ದು ಅತ್ತೆಯ ಅಡಿಗೆಯನ್ನಲ್ಲ, ಅತ್ತೆಯ ಕಾಯುವಿಕೆಯನ್ನು.

ಆಮೇಲಿನ ದಿನಗಳಂಥ ಸೋಜಿಗದ ದಿನಗಳನ್ನು ನಾನು ಕಂಡಿಲ್ಲ. ಅನುಕರಿಸಲು ಮುಂದೆ ಯಾರೂ ಇಲ್ಲ. ಎಡೆಯಾಗುವ ಮೊದಲು ರುಚಿ ನೋಡುವಂತಿಲ್ಲ. ಮಹಾನಂದಾ ಕಣ್ಣು ಮುಚ್ಚಿ ನನ್ನ ಮೇಲೆ ಬಗ್ಗುವಳು. ಒಮ್ಮೆ ಬೇಗ ಇಳಿಸಿದಳು, ಬೆಳ್ಳುಳ್ಳಿ ಹಸಿ ಉಳಿಯಿತು. ಒಮ್ಮೆ ಎಣ್ಣೆ ಸಿಡಿದು ಮೊಣಕೈ ಸುಟ್ಟುಕೊಂಡಳು. ಇವಳು ಇನ್ನೇನು ಮಾಡುವಳೋ ಎಂದು ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಶ್ರಾವಣದ ಕೊನೆಯ ಸೋಮವಾರ ಹೆಸರುಬೇಳೆ ಕುದಿಯುತ್ತಿತ್ತು. ಬೆಳ್ಳುಳ್ಳಿ ಇನ್ನೂ ಬಿಳುಪಾಗಿರುವಾಗಲೇ ಮಹಾನಂದಾ ನನ್ನನ್ನು ಬೆಂಕಿಯಿಂದ ತೆಗೆದಳು. ಉಳಿದದ್ದನ್ನು ನನ್ನ ಮೈಕಾವಿಗೇ ಬಿಟ್ಟಳು! ಬೆಳ್ಳುಳ್ಳಿ ಮೆಲ್ಲಗೆ ಹೊಂಬಣ್ಣಕ್ಕೆ ಬಂತು. ಆಗ ಒಂದು ಚಿಟಿಕೆ ಬಿಳಿ ಎಳ್ಳು ಹಾಕಿದಳು. ಆ ಮನೆಯಲ್ಲಿ ಯಾರೂ ಹಾಕಿದ್ದಿಲ್ಲ. ಎಳ್ಳು ಚಟಪಟಿಸುತ್ತಲೇ ನನ್ನನ್ನು ಬೇಳೆಯೊಳಗೆ ಮುಳುಗಿಸಿ ಮುಚ್ಚಳ ಮುಚ್ಚಿದಳು. ಮುಚ್ಚಳ ತೆಗೆದಾಗ ಓಣಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಎಡೆಯಾಯಿತು. ಚನ್ನಬಸಪ್ಪ ಉಣ್ಣಲು ಕುಳಿತ. ಮಹಾನಂದಾ ಬಾಗಿಲ ಮರೆಯಲ್ಲಿ ನನ್ನನ್ನು ಹಿಡಿದೇ ನಿಂತಿದ್ದಳು. ಮುದುಕ ಒಂದು ತುತ್ತು ಉಂಡು ತಟ್ಟೆಯನ್ನು ನೋಡಿದ.

“ಇದು ಅಕಿ ಕೈ ಅಲ್ಲ,” ಎಂದ.

ಮಹಾನಂದಾ ನನ್ನನ್ನು ಕೆಳಗಿಟ್ಟಳು. ಅವನು ರೊಟ್ಟಿ ಮುರಿದು ಮತ್ತೆ ಬೇಳೆಗೆ ಅದ್ದಿದ. ಅವನ ಕಣ್ಣು ತುಂಬಿತ್ತು. “ಅಕಿ ಪಟದ ಮುಂದೂ ಒಂದು ಎಡಿ ಇಡವಾ. ಇದನ್ನ ಅಕಿ ಉಂಡಿಲ್ಲ.”

ಖಾನಾವಳಿ ಮುಚ್ಚಲಿಲ್ಲ. ಮಹಾನಂದಾಳ ಬೇಳೆಗೆಂದೇ ಜನ ಬರತೊಡಗಿದರು. ಕಾಲಕ್ರಮದಲ್ಲಿ ನನ್ನ ಬಟ್ಟಲಿಗೆ ಸಣ್ಣ ತೂತು ಬಿತ್ತು, ಎಣ್ಣೆ ನಿಲ್ಲದಾಯಿತು. ಗುಜರಿಯವನು ಓಣಿಯಲ್ಲಿ ಕೂಗುತ್ತಿದ್ದ ದಿನ ಅವಳು ನನ್ನನ್ನು ಎತ್ತಿಕೊಂಡು ಹೋಗಿ ದೇವರ ಜಗುಲಿಯ ಮೂಲೆಯಲ್ಲಿ ಇಟ್ಟಳು. ಈಗ ನನ್ನಲ್ಲಿ ಕೆಂಡ ಹಾಕಿ ಲೋಬಾನ ಉದುರಿಸುತ್ತಾರೆ. ಕಾವು ನನ್ನದು, ಘಮ ದೇವರದು.

ವಾಸನೆಯೆಂದರೇನೆಂದು ನನಗೆ ಇಂದಿಗೂ ತಿಳಿಯದು. ಮುಂಜಾನೆ ಧೂಪದ ಹೊಗೆ ನೀಲಗಂಗವ್ವನ ಪಟದ ಕಡೆಗೆ ಏಳುತ್ತದೆ. ಅವಳಿಗಾದರೂ ಅಲ್ಲಿ ಮೂಗು ಮರಳಿ ಬಂದಿರಬಹುದೇ ಎಂದು ಶಿವನನ್ನು ಕೇಳಬೇಕೆನಿಸುತ್ತದೆ.