ಚಕ್ಕುಬಂದಿಯವರ ಪೂರ್ವ ದಿಕ್ಕು

ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ವಿಭಾಗಪತ್ರ ಬರೆಯುವವರಲ್ಲಿ ಅವರೇ ಹಿರಿಯರು. ಜಾಗದ ನಾಲ್ಕೂ ಕಡೆ ಏನೇನಿದೆ ಎಂದು ಪತ್ರದ ಕೊನೆಗೆ ಬರೆಯುತ್ತಾರಲ್ಲ, ಆ ಚಕ್ಕುಬಂದಿ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಹಾಗಾಗಿ ಜನ ಅವರ ಹೆಸರು ಮರೆತು ಚಕ್ಕುಬಂದಿಯವರು ಎಂದೇ ಕರೆಯುತ್ತಿದ್ದರು. ಅವರು ಅದನ್ನು ಬಿರುದು ಎಂದುಕೊಂಡಿದ್ದರು.

ಜಾಗ ನೋಡಲು ಹೋಗುವ ಪಾಪಕ್ಕೆ ಅವರು ಎಂದೂ ಇಳಿದವರಲ್ಲ. ಬಂದವರು ಕೈ ಚಾಚಿ, "ಈ ಕಡೆ ದಾರಿ, ಆ ಕಡೆ ಪಕ್ಕದ ಮನೆ" ಎಂದು ತೋರಿಸುತ್ತಿದ್ದರು. ಇವರು ಕೂತಲ್ಲಿಂದಲೇ, ತಮ್ಮ ಮೂಗಿನ ನೇರಕ್ಕೆ ತೋರಿಸಿದ್ದನ್ನು ಪೂರ್ವ, ಬೆನ್ನ ಹಿಂದೆ ತೋರಿಸಿದ್ದನ್ನು ಪಶ್ಚಿಮ ಎಂದು ಬರೆದು ಮುಗಿಸುತ್ತಿದ್ದರು. ಯಾರೂ ತಕರಾರು ಮಾಡಿರಲಿಲ್ಲ, ಯಾಕೆಂದರೆ ಯಾರೂ ಓದಿರಲಿಲ್ಲ.

ಹೀಗಿರುವಾಗ ಮೇಲಿನ ನ್ಯಾಯಾಲಯದಿಂದ ಒಂದು ತೀರ್ಪು ಬಂತು. ಸರ್ವೆ ನಂಬರಿಗೂ ಚಕ್ಕುಬಂದಿಗೂ ತಾಳೆಯಾಗದಿದ್ದರೆ ಚಕ್ಕುಬಂದಿ ಹೇಳಿದ್ದೇ ಸರಿ ಎಂದು. ತೀರ್ಪು ನೂರಾ ನಲವತ್ತು ಪುಟ. ವಕೀಲರು ಓದಿದ್ದು ಫೋನಿನಲ್ಲಿ ಬಂದ ಒಂದೂವರೆ ಸಾಲು. ಹೋದ ವರ್ಷ ಇದೇ ನ್ಯಾಯಾಲಯದ ಇನ್ನೊಂದು ಪೀಠ ನಂಬರೇ ದೊಡ್ಡದು ಎಂದಿತ್ತು. ಆಗ ಮೇಜು ಗುದ್ದಿ ನಂಬರನ್ನು ಹೊಗಳಿದವರೇ ಈಗ ಮೇಜು ಗುದ್ದಿ ಚಕ್ಕುಬಂದಿಯನ್ನು ಹೊಗಳಿದರು. ಪಾಪ, ಮೇಜಿಗೆ ಮಾತ್ರ ವಿಶ್ರಾಂತಿ ಸಿಗಲಿಲ್ಲ.

ಚಕ್ಕುಬಂದಿಯವರನ್ನು ಹಿಡಿಯುವವರೇ ಇಲ್ಲ. "ನಾನು ಬರ್ದಿದ್ದೇ ಇನ್ಮೇಲೆ ಕಾನೂನು" ಎಂದು ಎರಡು ದಿನ ಬೀಗಿದರು. ಮೂರನೆಯ ದಿನ ಮಧ್ಯಾಹ್ನದ ಮೇಲೆ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ತಮ್ಮ ಮನೆಯ ಪತ್ರ ಹಿಡಿದು ಬಂದರು.

"ಸ್ವಾಮಿ, ನೀವು ಬರ್ದ ಪ್ರಕಾರ ನಾನು ಗೋಡೆಯಾಚೆ ಪಕ್ಕದವರ ಬಚ್ಚಲಲ್ಲಿ ವಾಸ ಇದ್ದೀನಂತೆ."

"ದಿಕ್ಕು ನಿಮಗೆ ಗೊತ್ತೋ, ನನಗೆ ಗೊತ್ತೋ?"

"ಮೂವತ್ತು ವರ್ಷ ಕಾಗದ ಹಂಚಿದ್ದೀನಿ. ಸೂರ್ಯ ಎಲ್ಲಿ ಮುಳುಗ್ತಾನೆ ಅನ್ನೋದಾದ್ರೂ ಗೊತ್ತು. ಅಲ್ನೋಡಿ."

ಚಕ್ಕುಬಂದಿಯವರು ನೋಡಿದರು. ಸೂರ್ಯ ಅವರ ಮೂಗಿನ ನೇರಕ್ಕಿದ್ದ. ಹನ್ನೆರಡು ವರ್ಷದ ಹಿಂದೆ ನೋಂದಣಿ ಕಚೇರಿ ಬೀದಿಯ ಈಚೆ ಬದಿಯಿಂದ ಆಚೆ ಬದಿಗೆ ಹೋಗಿತ್ತು. ಅವರ ಮೇಜೂ ಹಿಂದೆಯೇ ಹೋಗಿ, ಅವರ ಮುಖ ತಿರುಗಿತ್ತು. ಪೂರ್ವ ಮಾತ್ರ ಮೂಗಿನ ತುದಿಯಲ್ಲೇ ಉಳಿದಿತ್ತು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಹನ್ನೆರಡು ವರ್ಷ ಬೈದುಕೊಂಡಿದ್ದರೇ ಹೊರತು, ಸಂಜೆಯ ಸೂರ್ಯನಿಗೆ ಪೂರ್ವದಲ್ಲೇನು ಕೆಲಸ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವರ ಲೇಖನಿಯಿಂದ ಅರ್ಧ ಊರು ಗೋಡೆ ಹಾರಿ ಕೂತಿತ್ತು.

"ಮುಂದಿನ ವಾರ ಬನ್ನಿ, ನೋಡೋಣ" ಎಂದು ಪೋಸ್ಟ್‌ಮ್ಯಾನರನ್ನು ಸಾಗಹಾಕಿ ಮನೆಗೆ ಓಡಿದರು. ಪೆಟ್ಟಿಗೆಯಿಂದ ತಮ್ಮದೇ ವಿಭಾಗಪತ್ರ ತೆಗೆದು ಕೊನೆಯ ಪುಟ ತಿರುವಿದರು.

ಅಪ್ಪನ ಮನೆಯನ್ನು ಅಕ್ಕ, ತಮ್ಮ ಹಂಚಿಕೊಂಡದ್ದು ಹತ್ತು ವರ್ಷದ ಹಿಂದೆ. ಪೂರ್ವದ ದೊಡ್ಡ ಬೀದಿಗಿರುವ ಮುಂಭಾಗ ಇವರಿಗೆ, ಪಶ್ಚಿಮದ ಚರಂಡಿ ಓಣಿಗಿರುವ ಹಿಂಭಾಗ ಅಕ್ಕನಿಗೆ. "ಹಿಂದೆ ತಂಪಾಗಿರತ್ತೆ ಅಕ್ಕ" ಎಂದಿದ್ದರು. ಅವಳಿಗೆ ಬೇಜಾರಾಗದಿರಲಿ ಎಂದು ಚರಂಡಿ ಓಣಿಯನ್ನೂ 'ಸಾರ್ವಜನಿಕ ರಸ್ತೆ' ಎಂದೇ ಬರೆದಿದ್ದರು. ಆ ಪತ್ರವನ್ನೂ ಅದೇ ಮೇಜಿನಲ್ಲಿ ಕೂತು, ಮೂಗಿನ ನೇರವನ್ನೇ ಪೂರ್ವ ಎಂದು ಬರೆದದ್ದು. ಈಗ ಪತ್ರದಲ್ಲಿ ಎರಡೂ ಕಡೆ ಸಾರ್ವಜನಿಕ ರಸ್ತೆ. ಪೂರ್ವದ್ದು ಅಕ್ಕನ ಭಾಗ, ಪಶ್ಚಿಮದ್ದು ತಮ್ಮನದು. ತೀರ್ಪಿನ ಪ್ರಕಾರ ಮುಂಭಾಗ ಅವಳದು, ಚರಂಡಿಯ ತಂಪು ಇವರದು.

ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಒಂದು ತಿದ್ದುಪಡಿ ಪತ್ರ ಬರೆದು, ಹಲ್ಲು ಕಿರಿಯುತ್ತ ಅಕ್ಕನ ಕಡೆ ಹೋದರು.

ಅಕ್ಕ ರವಿಕೆ ಹೊಲಿಯುತ್ತಿದ್ದಳು. ಗಿರಾಕಿಗಳು ಮೂಗು ಮುಚ್ಚಿಕೊಂಡು ಓಣಿಯಲ್ಲೇ ಬರಬೇಕಿತ್ತು. ಮುಂದಿನ ಕೋಣೆಯನ್ನು ಬಾಡಿಗೆಗಾದರೂ ಕೊಡು ಎಂದು ಎರಡು ಸಲ ಕೇಳಿದ್ದಳು. ಅದರಲ್ಲಿ ಇವರ ಹಳೆಯ ಕಾಗದದ ಕಂತೆಗಳು ವಾಸವಾಗಿದ್ದವು.

"ಸುಮ್ನೆ ಒಂದು ಸಹಿ ಅಕ್ಕ. ಅಕ್ಷರದ ತಪ್ಪು."

"ಓದು."

ಓದಿದರು, ಗಡಗಡನೆ. ಅಕ್ಕ ಯಂತ್ರ ನಿಲ್ಲಿಸಿದಳು.

"ಪೂರ್ವ ಇದ್ದಲ್ಲಿ ಪಶ್ಚಿಮ ಅಂತಿದೀಯ. ಅಂದ್ರೆ ಮುಂದಿನ ಭಾಗ ಇಷ್ಟು ದಿನ ನನ್ನದಾ?"

"ಕಾಗದದಲ್ಲಿ ಮಾತ್ರ."

"ಇನ್ಯಾರದ್ದು ತಪ್ಪಾಗಿದೆ?"

"ಪೋಸ್ಟ್‌ಮ್ಯಾನ್ ಒಬ್ರದ್ದು. ಇನ್ನೂ ಕೆಲವರದ್ದು."

"ಅವರಿಗೇನಂದೆ?"

"ಮುಂದಿನ ವಾರ ಬನ್ನಿ ಅಂದೆ."

"ನನ್ನ ಹತ್ರ ಮಾತ್ರ ನೀನೇ ಓಡಿ ಬಂದೆ."

ಚಕ್ಕುಬಂದಿಯವರಿಗೆ ನಾಚಿಕೆಯಾಯಿತು. ನಿಜಕ್ಕೂ ಆಯಿತು, ಕಿವಿ ಬಿಸಿಯಾಗಿ, ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಚಿಕ್ಕಂದಿನಲ್ಲಿ ತಾವು ಒಡೆದದ್ದಕ್ಕೆಲ್ಲ ಬೈಸಿಕೊಂಡವಳು ಇವಳೇ.

"ಕೋರ್ಟಿಗೆ ಹೋದ್ರೆ ಪೂರ್ತಿ ನನಗೇ ಬರತ್ತಾ?" ಎಂದಳು.

"ಬರಬಹುದು ಅಕ್ಕ."

"ಹೋಗಲ್ಲ ಬಿಡು. ನನ್ನ ಸರದಿ ಬರೋ ಹೊತ್ತಿಗೆ ತೀರ್ಪು ಮತ್ತೆ ಮಗ್ಗುಲು ಬದಲಾಯ್ಸಿರತ್ತೆ. ಮುಂದಿನ ಕೋಣೆ ನನಗೆ ಬರಿ. ಉಳಿದದ್ದು ನೀನೇ ಇಟ್ಕೋ. ಮೊದಲು ಪೋಸ್ಟ್‌ಮ್ಯಾನರದ್ದು ತಿದ್ದು, ಆಮೇಲೆ ನನ್ನ ಸಹಿ."

ಆ ವಾರವೆಲ್ಲ ಚಕ್ಕುಬಂದಿಯವರು ಬಿಸಿಲಲ್ಲಿ ಮನೆಮನೆ ಅಲೆದು, ಗೋಡೆ ಮುಟ್ಟಿ ನೋಡಿ ಪತ್ರ ತಿದ್ದಿದರು. ಪೋಸ್ಟ್‌ಮ್ಯಾನರು ಬಚ್ಚಲಿನಿಂದ ಬಿಡುಗಡೆಯಾದರು. ಅಕ್ಕ ಸಹಿ ಹಾಕಿದಳು. ಕಂತೆಗಳು ಅಟ್ಟ ಸೇರಿದವು.

ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಗೆ ಸಾಗಿಸುವ ದಿನ ಒಂದು ತುದಿ ಅಕ್ಕ ಹಿಡಿದಳು, ಎದುರಿನ ತುದಿ ಇವರು. ಬಾಗಿಲಿಗೆ ಬಂದಾಗ ಅದು ಸಿಕ್ಕಿಕೊಂಡಿತು.

"ಸ್ವಲ್ಪ ಎಡಕ್ಕೆ" ಎಂದಳು ಅಕ್ಕ.

ಚಕ್ಕುಬಂದಿಯವರು ತಿರುಗಿಸಲು ಹೋದವರು ತಡೆದು ನಿಂತರು.

"ನಿನ್ನ ಎಡಕ್ಕೋ, ನನ್ನ ಎಡಕ್ಕೋ?" ಎಂದು ಕೇಳಿದರು. ಅಷ್ಟು ವರ್ಷ ಕಸುಬು ಮಾಡಿದರೂ ಅವರು ಯಾರನ್ನೂ ಹೀಗೆ ಕೇಳಿರಲಿಲ್ಲ.