ವೀಳ್ಯ ಮನೆಯದು, ಚೀಟಿ ಯಾರದು?

ಕಳ್ಳಂಬೆಳ್ಳದ ಕಡೆ ಇರುವ ನಮ್ಮೂರ ಕೆರೆಯ ತೂಬು ಕುಸಿದು ಬಹಳ ದಿನವಾಯಿತು. ಬೇಡದ ಕಾಲದಲ್ಲಿ ನೀರೆಲ್ಲ ಸೋರಿ ಹೋಗುತ್ತದೆ. ಪೈರಿಗೆ ಬೇಕೆಂದಾಗ ಕೆರೆಯಲ್ಲಿ ಎಮ್ಮೆ ಮಲಗುವಷ್ಟೂ ನೀರಿರುವುದಿಲ್ಲ. ಅರ್ಜಿ ಬರೆದು ಬರೆದು ಶಾನುಭೋಗರ ಕೈ ನೋಯಿತೇ ಹೊರತು ತೂಬು ಮೇಲೇಳಲಿಲ್ಲ.

ಕೆರೆಯ ಕೆಳಗೆ ಕೊನೆಯ ಬಯಲಿನಲ್ಲಿ ಬಸವಮ್ಮನ ಗದ್ದೆ ಇದೆ. ಮದುವೆಯಲ್ಲಿ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಜಮೀನಿನ ಪಟ್ಟೆಯೂ ಅವಳ ಹೆಸರಿನಲ್ಲೇ. ನೀರು ಬರಲಿ ಬಿಡಲಿ, ನೀರಾವರಿ ಜಮೀನೆಂದು ತರಿ ಕಂದಾಯ ಮಾತ್ರ ತಪ್ಪದೆ ಬರುತ್ತದೆ. ಇನ್ನೊಂದು ವರ್ಷ ಹೀಗೇ ಆದರೆ ಗದ್ದೆಯನ್ನು ಮಾರಬೇಕು. ಮಗಳಿಗೆ ಅದನ್ನೇ ಅರಿಶಿನ ಕುಂಕುಮಕ್ಕೆ ಕೊಡಬೇಕೆಂದು ಬಸವಮ್ಮನ ಆಸೆ. ಅದು ಹೋದರೆ ಅವಳಿಗೆ ತವರೇ ಹೋದಂತೆ.

ಆ ಕಂದಾಯದಿಂದ ಒಂದು ಲಾಭವೂ ಆಯಿತು ಅನ್ನಿ. ಕಂದಾಯ ಕಟ್ಟುವವಳೆಂದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಗಂಡನ ಜೊತೆಗೆ ಅವಳಿಗೂ ಓಟು ಬಂತು. ಓಟಿನ ಹಿಂದೆಯೇ ಗೊಂದಲವೂ ಬಂತು.

ಒಂದು ಸಂಜೆ ಗಂಡ ಕಾಡಸಿದ್ದಪ್ಪ ಕೈಯಲ್ಲಿ ಎಲೆ ಅಡಿಕೆ ಹಿಡಿದು ಮನೆಗೆ ಬಂದ.

"ಓಟಿಗೆ ನಿಂತಿರೋ ಸಾಹುಕಾರ್ ನಾಗಲಿಂಗಯ್ಯನೋರ ವೀಳ್ಯ ಕಣೇ. ಇಸ್ಕೊಂಡ್ಬುಟ್ಟೆ. ಇನ್ನೇನೈತೆ, ನಮ್ಮನೆ ಓಟು ಅವ್ರಿಗೇ."

ಬಸವಮ್ಮನ ಮುಖ ಸಣ್ಣದಾಯಿತು. "ಅಯ್ಯೋ ಶಿವನೇ! ಬೆಳಗ್ಗೆ ಅವ್ರ ಎದುರು ನಿಂತಿರೋ ವಕೀಲ್ ಶಂಕರಲಿಂಗಪ್ಪನೋರ ಕಡೆಯೋರು ಬಂದಿದ್ರು. ಬಾಗ್ಲಿಗೆ ಬಂದ ವೀಳ್ಯ ಬ್ಯಾಡ ಅನ್ನೋಕಾಯ್ತದಾ? ನಾನೂ ಇಸ್ಕೊಂಡೆ."

"ಕೆಟ್ಟೆ! ಒಂದೇ ಮನೆಯಿಂದ ಇಬ್ರಿಗೆ ಮಾತು ಕೊಟ್ಟಂಗಾಯ್ತಲ್ಲ. ಮನೆದೇವ್ರು ಮೆಚ್ಚಾನಾ?"

ಕಾಡಸಿದ್ದಪ್ಪ ನಿಜಕ್ಕೂ ಹೆದರಿದ. ಕೊಟ್ಟ ಮಾತಿಗೆ ತಪ್ಪುವ ಜಾತಿಯವನಲ್ಲ ಅವನು. ಎರಡು ವೀಳ್ಯವನ್ನೂ ದೇವರ ಗೂಡಿನಲ್ಲಿ ಅಕ್ಕಪಕ್ಕ ಇಟ್ಟು, ಯಾವುದು ಮೊದಲು ಬಂತೆಂದು ಲೆಕ್ಕ ಹಾಕುತ್ತಾ ಕೂತ. ಬೆಳಗಿನದೇ ಮೊದಲು, ಆದರೆ ಯಜಮಾನ ಇಸ್ಕೊಂಡದ್ದು ಸಂಜೆಯದು! ತಲೆ ಕೆಟ್ಟು ಗೊಬ್ಬರವಾಯಿತು.

ಅಷ್ಟರಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಯ ನರಸಮ್ಮ ಬಂದಳು. ಹೋದ ಸಲವೇ ಓಟು ಹಾಕಿ ಬಂದ ಗಟ್ಟಿ ಹೆಂಗಸು. ಸಂಗತಿ ಕೇಳಿ ನಕ್ಕಳು.

"ಲಗ್ನಕ್ಕೆ ಕರೆಯೋಕೆ ಬಂದೋರೂ ವೀಳ್ಯ ಕೊಡ್ತಾರೆ. ಇಸ್ಕೊಂಡ್ರೆ ಅವ್ರ ಮನೆಗೆ ಹೆಣ್ಣು ಕೊಟ್ಟಂಗಾಯ್ತಾ, ಕಾಡಸಿದ್ದಣ್ಣ?"

"ಕರೆಯೋ ವೀಳ್ಯ ಬೇರೆ, ಒಪ್ಪುವೀಳ್ಯ ಬೇರೆ ಕಣಕ್ಕ. ಇದ್ಯಾವುದು?"

"ಕೊಟ್ಟೋರನ್ನೇ ಕೇಳು. ನಾಳೆ ಸಂತೇಲಿ ಇಬ್ರೂ ಮಾತಾಡ್ತಾರಂತೆ. ಇನ್ನೊಂದು ಮಾತು. ಓಟಿನ ಚೀಟಿ ಹಾಕೋದು ಪರದೆ ಹಿಂದೆ. ಅಲ್ಲಿ ಗಂಡನೂ ಇಲ್ಲ, ಸಾಹುಕಾರನೂ ಇಲ್ಲ. ಮನೆಗೊಂದು ಓಟು ಅಲ್ಲ, ಆಳಿಗೊಂದು."

"ಹಂಗಾದ್ರೆ ಯಜಮಾನ ಅಂತ ನಾನ್ಯಾಕಿರೋದು?" ಎಂದ ಕಾಡಸಿದ್ದಪ್ಪ. ಅವನ ಗೊಂದಲ ಇನ್ನಷ್ಟು ಹೆಚ್ಚಿತು.

ಮರುದಿನ ಸಂತೆಯ ಅರಳಿಕಟ್ಟೆಯ ಮೇಲೆ ಇಬ್ಬರು ಉಮೇದುವಾರರೂ ಕೂತಿದ್ದರು. ವಕೀಲರು ಜವಾಬ್ದಾರಿ ಸರ್ಕಾರದ ವಿಚಾರ ಶುರು ಮಾಡಿದರು. ಮುಂದೆ ಕೂತಿದ್ದ ಮುದುಕ ಗಂಗಹನುಮಯ್ಯ ಪಕ್ಕದವನನ್ನು ಕೇಳಿದ, "ಈಗಿರೋದಕ್ಕೆ ಜವಾಬ್ದಾರಿ ಇಲ್ವೇನ್ಲಾ?" ಪಕ್ಕದವನಿಗೂ ಗೊತ್ತಿರಲಿಲ್ಲ. ಸಾಹುಕಾರರು ಎದ್ದು ತಾವು ಕಟ್ಟಿಸಿದ ಛತ್ರದ ಕಥೆ ಹೇಳಿದರು. ಒಬ್ಬರು ಉತ್ತರಕ್ಕೆ ಎಳೆದರೆ ಇನ್ನೊಬ್ಬರು ದಕ್ಷಿಣಕ್ಕೆ. ನಡುವೆ ನಮ್ಮ ಕೆರೆ ಎಲ್ಲೂ ಬರಲಿಲ್ಲ.

ನರಸಮ್ಮ ಬಸವಮ್ಮನ ಬೆನ್ನಿಗೆ ತಿವಿದಳು. ಬಸವಮ್ಮ ಸೆರಗು ಬಿಗಿ ಮಾಡಿಕೊಂಡು ಎದ್ದಳು.

"ಸ್ವಾಮೀ, ನಮ್ಮೂರ ತೂಬು ಕುಸಿದೈತೆ. ನೀರಿಲ್ಲದ ಗದ್ದೆಗೆ ತರಿ ಕಂದಾಯ ಕಟ್ತಾ ಇವ್ನಿ. ಇದಕ್ಕೆ ಏನ್ ಮಾಡ್ತೀರಿ?"

ನಾಗಲಿಂಗಯ್ಯನವರು ನಕ್ಕರು. "ನೀನು ಕಾಡಸಿದ್ದಪ್ಪನ ಮನೆಯೋಳಲ್ವೇನಮ್ಮ? ನಿನ್ನ ಗಂಡ ಆಗಲೇ ನಮ್ಮ ವೀಳ್ಯ ತಗೊಂಡಾಗಿದೆ. ಇನ್ನು ನಿನ್ನದೇನು ಪ್ರಶ್ನೆ?"

ಜನ ಗೊಳ್ಳೆಂದು ನಕ್ಕರು. ಕಾಡಸಿದ್ದಪ್ಪ ತಲೆ ತಗ್ಗಿಸಿದ. ಬಸವಮ್ಮನಿಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ಹೆಣ್ಣು ಕೇಳೋಕೆ ಗಂಡಿನ ಕಡೆಯೋರು ಎಲೆ ಅಡಿಕೆ ಹಿಡ್ಕೊಂಡು ಬರ್ತಾರೆ, ಸ್ವಾಮಿ. ಹುಡುಗ ಹೆಂಗೆ, ಹೊಲ ಎಷ್ಟೈತೆ, ಕುಡೀತಾನಾ ಅಂತ ನಾವು ಕೇಳ್ತೀವಿ. ಕೇಳಿದ್ದಕ್ಕೆಲ್ಲ ಅವ್ರು ಉತ್ತರ ಹೇಳ್ಬೇಕು. ಆಮೇಲೆ ಒಪ್ಪೋದು, ಬಿಡೋದು ನಮ್ದು. ವೀಳ್ಯ ಹಿಡ್ಕೊಂಡು ಬಂದೋರು ನೀವು. ಉತ್ತರ ಹೇಳ್ಬೇಕಾದೋರೂ ನೀವೇ ಅಲ್ವಾ?"

ನಗು ನಿಂತಿತು. "ಹೌದಲ್ಲಾ!" ಎಂದು ಕಾಡಸಿದ್ದಪ್ಪ ಕೂಗಿಬಿಟ್ಟ. ನಿನ್ನೆಯಿಂದ ಅವನ ತಲೆಯಲ್ಲಿದ್ದ ಗಂಟು ಹೆಂಡತಿಯ ಒಂದೇ ಮಾತಿಗೆ ಬಿಚ್ಚಿಕೊಂಡಿತ್ತು.

ವಕೀಲರು ಮೊದಲು ಬಾಯಿಬಿಟ್ಟರು. "ನಿಮ್ಮ ತೂಬಿನ ಸಂಗತಿ ನನಗೆ ಗೊತ್ತಿರಲಿಲ್ಲ, ತಾಯಿ. ರಿಪೇರಿ ಮಾಡಿಸೋ ಅಧಿಕಾರ ಸಭೆಯ ಮೆಂಬರಿಗಿಲ್ಲ. ದಸರಾ ಅಧಿವೇಶನದಲ್ಲಿ ದಿವಾನರ ಮುಂದೆ ಎದ್ದು ಕೇಳೋ ಹಕ್ಕಿದೆ. ಅದನ್ನ ಕೇಳ್ತೀನಿ. ನಾಳೆಯೇ ಕೆರೆ ನೋಡೋಕೆ ಬರ್ತೀನಿ." ಸಾಹುಕಾರರು ಹಿಂದುಳಿಯುತ್ತಾರೆಯೇ? "ನಾನೂ ಬರ್ತೀನಿ. ಕಂದಾಯದ ವಿಚಾರ ನಾನೂ ಎತ್ತುತ್ತೀನಿ," ಎಂದರು. ಮರುದಿನ ಇಬ್ಬರೂ ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಅಕ್ಕಪಕ್ಕ ಬಗ್ಗಿ ತೂಬು ನೋಡಿದ ಚೆಂದವನ್ನು ಊರೇ ಕೆರೆ ಏರಿಯ ಮೇಲೆ ನಿಂತು ನೋಡಿತು.

ಈಗ ಯಾರಿಗೆ ಓಟು ಹಾಕುವುದು? ಮತ್ತೆ ಗೊಂದಲವೇ. ಆದರೆ ಇದು ಹಳೆಯ ಗೊಂದಲವಲ್ಲ. ಗಂಡ ಹೆಂಡತಿ ಜಗಲಿಯ ಮೇಲೆ ಕೂತು ಯಾರ ಮಾತು ನಂಬುವಂಥದು ಎಂದು ತೂಗಿ ನೋಡಿದರು, ಜಗಳವಾಡಿದರು, ಒಮ್ಮತಕ್ಕೆ ಬರಲಿಲ್ಲ. ದೇವರ ಗೂಡಿನ ಎಲೆಗಳು ಒಣಗಿಹೋದವು.

ಓಟಿನ ದಿನ ಚಾವಡಿಯಿಂದ ಮೊದಲು ಕಾಡಸಿದ್ದಪ್ಪ ಹೊರಗೆ ಬಂದ, ಆಮೇಲೆ ಬಸವಮ್ಮ. ಅವನಿಗೆ ತಡೆಯಲಾಗಲಿಲ್ಲ.

"ಯಾರಿಗೆ ಹಾಕ್ದೆ?"

"ವೀಳ್ಯ ಮನೇದು. ಚೀಟಿ ನಂದು," ಎಂದಳು ಬಸವಮ್ಮ.

ಕಾಡಸಿದ್ದಪ್ಪ ಮೀಸೆಯಲ್ಲೇ ನಕ್ಕ. "ಹಂಗಾದ್ರೆ ನಂದೂ ಹೇಳಕ್ಕಿಲ್ಲ ಬುಡು."

ಓದುವ ಅಣ್ಣಂದಿರೇ, ಓದಿಸಿಕೊಂಡು ಕೇಳುತ್ತಿರುವ ಅಮ್ಮಂದಿರೇ, ತೂಬು ಇನ್ನೂ ಎದ್ದಿಲ್ಲ, ಸುಳ್ಳು ಯಾಕೆ ಹೇಳಲಿ? ದಸರಾ ಬರಬೇಕು, ಗೆದ್ದವರು ಎದ್ದು ಕೇಳಬೇಕು. ಕೇಳದಿದ್ದರೆ ಬಸವಮ್ಮ ಬಿಡುವವಳಲ್ಲ. ನಿಮ್ಮ ಬಾಗಿಲಿಗೂ ನಾಳೆ ಎಲೆ ಅಡಿಕೆ ಬರುತ್ತದೆ. ಮರ್ಯಾದೆಯಿಂದ ತೆಗೆದುಕೊಳ್ಳಿ, ಮೆಲ್ಲಿ. ಆದರೆ ಬಾಯಿ ಕೆಂಪಾದ ಮಾತ್ರಕ್ಕೆ ಸುಮ್ಮನಾಗಬೇಡಿ. ನಿಮ್ಮೂರಿನ ತೂಬು ಯಾವುದೋ ಅದನ್ನು ಕೇಳಿ, ಉತ್ತರ ಕೇಳಿಸಿಕೊಳ್ಳಿ. ಆಮೇಲೆ ಪರದೆಯ ಹಿಂದೆ ಹೋಗಿ, ನಿಮ್ಮ ಚೀಟಿಯನ್ನು ನೀವೇ ಹಾಕಿ ಬನ್ನಿ.